ಶಬ್ದ ಬತ್ತು, ಮಾತು ಬತ್ತಿಲ್ಲೆ

ಹಾರ್ನ್ ಸ್ಪೀಕರ್ ಎಂದರೆ ನನಗೆ ಎಲ್ಲಿಲ್ಲದ ಪ್ರೀತಿ. ಹೀಗೆಂದಾಗ ಬಹಳ ಜನ ಹುಬ್ಬು ಗಂಟಿಕ್ಕುತ್ತಾರೆ. ಅವರ ಪಾಲಿಗೆ ಹಾರ್ನ್ ಎಂದರೆ ಜೀಪಿನ ಟಾಪಿನ ಮೇಲೆ ಕೂತು ‘ಇಂದು ರಾತ್ರಿ’ ಎಂದು ಊರೂರಿಗೆ ಯಕ್ಷಗಾನದ ಆಟದ ಸುದ್ದಿ ಸಾರುವ ಬೂದು ಬಣ್ಣದ ಕಹಳೆ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆ ಬಂತೆಂದರೆ ಬಿಡಕಿಬೈಲಿನ ಸುತ್ತ ನಾಟಕ ಕಂಪನಿಯದೊಂದು, ತೊಟ್ಟಿಲಿನದೊಂದು, ಮಿಠಾಯಿ ಅಂಗಡಿಯದೊಂದು ಎಂದು ಕಹಳೆಗಳು ಒಂದರ ಮಾತಿಗೆ ಇನ್ನೊಂದು ಬಾಯಿ ಹಾಕುತ್ತವೆ. ಆ ಗದ್ದಲ ಕೇಳಿ ಬೆಳೆದ ಕಿವಿ ಹಾರ್ನ್ ಎಂದರೆ ಕಿರುಚಾಟ ಎಂದುಕೊಂಡರೆ ತಪ್ಪಿಲ್ಲ. ನಾನು ಪ್ರೀತಿಸುವ, ನನ್ನ ಕೈಯಾರೆ ಮಾಡುವ ಹಾರ್ನಿನ ಗುಣವೇ ಬೇರೆ. ಅದು ಮೆಲ್ಲಗೆ ಮಾತಾಡುತ್ತದೆ. ಅಂಗಳದ ಕೊನೆಯಲ್ಲಿ ಕೂತವರಿಗೂ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಮುಟ್ಟುತ್ತದೆ.

ನಮ್ಮ ಕಡೆ ಮಳೆಗಾಲ ತಾಳಮದ್ದಲೆಯ ಕಾಲ. ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿರುತ್ತವೆ. ತೋಟಕ್ಕೆ ಕೊಳೆ ಔಷಧ ಹೊಡೆದು ಕೈ ಸ್ವಲ್ಪ ಖಾಲಿಯಾದಾಗ ಯಾರದೋ ಮನೆಯ ಜಗಲಿಯಲ್ಲೋ, ದೇವಸ್ಥಾನದ ಚಂದ್ರಶಾಲೆಯಲ್ಲೋ ಕೂಟ ಏರ್ಪಾಡಾಗುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಮದ್ದಲೆ, ಆಮೇಲೆ ಅರ್ಥಧಾರಿಗಳ ಮಾತು. ಕರ್ಣನೂ ಶಲ್ಯನೂ ಎದುರಾಬದುರು ಕೂತು ಮಾತಿನಲ್ಲೇ ರಥ ಹೊಡೆಯಬೇಕು. ಮಾತು ಕೇಳದಿದ್ದರೆ ತಾಳಮದ್ದಲೆಯಲ್ಲಿ ಉಳಿಯುವುದು ಏನೂ ಇಲ್ಲ. ಅಂಥದ್ದೊಂದು ಕೂಟದಲ್ಲಿ ತಗಡಿನ ಮಾಡಿನ ಮೇಲೆ ಮಳೆ ಧೋ ಎಂದು ಹೊಯ್ಯುತ್ತಿತ್ತು. ಮೈಕಿನವರು ಮಳೆಯನ್ನು ಸೋಲಿಸಲು ಆಂಪ್ಲಿಫೈಯರಿನ ಗುಂಡಿಯನ್ನು ತಿರುಗಿಸುತ್ತಲೇ ಹೋದರು. ಕಂಬಕ್ಕೊರಗಿ ಕೂತಿದ್ದ ಅಜ್ಜಿಯೊಬ್ಬರು ನನ್ನತ್ತ ಬಗ್ಗಿ, “ಶಬ್ದ ಬತ್ತು, ಮಾತು ಬತ್ತಿಲ್ಲೆ ತಮಾ” ಎಂದರು. ಹಾರ್ನ್ ವಿನ್ಯಾಸದ ಬಗ್ಗೆ ಎಷ್ಟೋ ಪುಸ್ತಕ ತಿರುವಿದ್ದೇನೆ. ಜೋರಿಗೂ ಸ್ಪಷ್ಟತೆಗೂ ಇರುವ ಅಂತರವನ್ನು ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಹೇಳಿದ ವಾಕ್ಯ ಮತ್ತೊಂದು ಸಿಕ್ಕಿಲ್ಲ.

ಹಾರ್ನ್ ಮಾಡುವ ಕೆಲಸವೇನು? ಅದರ ಹಿಂದೆ ಒಂದು ಯೂನಿಟ್ ಇರುತ್ತದೆ, ಯೂನಿಟ್ಟಿನೊಳಗೆ ತೆಳುವಾದ ಪೊರೆ. ಪೊರೆ ಅದುರಿ ಗಾಳಿಯನ್ನು ತಳ್ಳುತ್ತದೆ. ಆದರೆ ಗಾಳಿ ಬಲು ಹಗುರ; ಬಯಲಲ್ಲಿ ತಳ್ಳಿದರೆ ಪಕ್ಕಕ್ಕೆ ಸರಿದುಬಿಡುತ್ತದೆ, ಪೊರೆಯ ಶ್ರಮವೆಲ್ಲ ವ್ಯರ್ಥ. ಸಾಮಾನ್ಯ ಕೋನ್ ಸ್ಪೀಕರಿಗೆ ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಶಬ್ದವಾಗುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಪೊರೆಯ ಮುಂದೆ ಸಣ್ಣ ಗಂಟಲಿಟ್ಟು, ಅದನ್ನು ಒಂದು ಹದದಲ್ಲಿ ಅಗಲಿಸುತ್ತ ದೊಡ್ಡ ಬಾಯಿಗೆ ತಂದರೆ ಗಂಟಲಿನ ಗಾಳಿಗೆ ಸರಿಯಲು ಜಾಗವಿಲ್ಲ. ಪೊರೆಗೆ ತಳ್ಳಲು ಒಂದು ಆಸರೆ ಸಿಗುತ್ತದೆ. ದೇವಿಮನೆ ಘಟ್ಟ ಹತ್ತುವ ಬಸ್ಸಿಗೆ ಗೇರು ಹೇಗೋ ಪೊರೆಗೆ ಹಾರ್ನ್ ಹಾಗೆ. ಒಳ್ಳೆಯ ಹಾರ್ನ್ ನೂರಕ್ಕೆ ಇಪ್ಪತ್ತು, ಮೂವತ್ತು ಪಾಲನ್ನು ಶಬ್ದವಾಗಿಸುತ್ತದೆ.

ಹೀಗೆ ಉಳಿತಾಯವಾದ ಬಲವನ್ನು ಏನು ಮಾಡುವುದು? ನನ್ನ ಹವ್ಯಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಸುತ್ತುತ್ತದೆ. ಅದೇ ವ್ಯಾಟ್ ಕೊಟ್ಟು ಹತ್ತು ಪಟ್ಟು ಹೆಚ್ಚು ಶಬ್ದ ತೆಗೆಯಬಹುದು. ಇಲ್ಲವೇ ಶಬ್ದ ಅಷ್ಟೇ ಇರಲೆಂದು ಪೊರೆಗೆ ವಿಶ್ರಾಂತಿ ಕೊಡಬಹುದು. ಕಡಿಮೆ ಅಲುಗಾಡುವ ಪೊರೆ ತಪ್ಪನ್ನೂ ಕಡಿಮೆ ಮಾಡುತ್ತದೆ, ದನಿಯಲ್ಲಿ ಇಲ್ಲದ್ದನ್ನು ಸೇರಿಸುವುದಿಲ್ಲ. 1946ರಲ್ಲಿ ಅಮೆರಿಕದ ಅರ್ಕಾನ್ಸಾದ ಹೋಪ್ ಎಂಬ ಸಣ್ಣ ಊರಿನಲ್ಲಿ ಹಾರ್ನ್ ತಯಾರಿಕೆ ಶುರುಮಾಡಿದ ಪಾಲ್ ಕ್ಲಿಪ್ಶ್ ಜೀವನವಿಡೀ ಸಾರಿದ್ದು ಇದನ್ನೇ: ದಕ್ಷತೆ ಹೆಚ್ಚಿದಷ್ಟೂ ವಿಕೃತಿ ಕಡಿಮೆ. ಆತ ಹಾರ್ನ್ ಮಾಡಿದ್ದು ಮನೆಯೊಳಗೆ ಕೂತು ಸಂಗೀತ ಕೇಳುವವರಿಗಾಗಿ.

ಹಾರ್ನಿನ ಇತಿಹಾಸವೂ ಈ ದಕ್ಷತೆಯ ಕಥೆಯೇ. 1915ರಲ್ಲಿ ಪೀಟರ್ ಜೆನ್ಸೆನ್ ಮತ್ತು ಎಡ್ವಿನ್ ಪ್ರಿಧಮ್ ಕ್ಯಾಲಿಫೋರ್ನಿಯಾದಲ್ಲಿ ತಮ್ಮ ಯಂತ್ರಕ್ಕೆ ಗ್ರಾಮಾಫೋನಿನ ಹಾರ್ನ್ ಜೋಡಿಸಿ ಬಯಲಿನ ಜನಸ್ತೋಮಕ್ಕೆ ದನಿ ಮುಟ್ಟಿಸಿದರು. 1926ರ ಹೊತ್ತಿಗೆ ವೆಂಟ್ ಮತ್ತು ಥುರಾಸ್ ಎಂಬ ಎಂಜಿನಿಯರುಗಳು ರೂಪಿಸಿದ ಯೂನಿಟ್ಟು ಮಾತಾಡುವ ಸಿನಿಮಾಕ್ಕೆ ದನಿಯಾಯಿತು. ಆಗಿನ ವಾಲ್ವ್ ಆಂಪ್ಲಿಫೈಯರುಗಳು ಕೊಡುತ್ತಿದ್ದದ್ದು ಬೆರಳೆಣಿಕೆಯ ವ್ಯಾಟ್. ಅಷ್ಟರಲ್ಲೇ ಸಾವಿರಾರು ಜನ ಕೂರುವ ಚಿತ್ರಮಂದಿರ ತುಂಬಬೇಕು. ಹೀಗಾಗಿ ಹಾರ್ನ್ ಆಳೆತ್ತರ ಬೆಳೆಯಿತು, ಅದರ ಒಂದೊಂದು ತಿರುವನ್ನೂ ಲೆಕ್ಕ ಹಾಕಿ ತಿದ್ದಿದರು. ಮುಂದೆ ವ್ಯಾಟ್ ಅಗ್ಗವಾಗುತ್ತ ಹೋಯಿತು. ಕಟ್ಟಲು, ಹೊರಲು, ಮಳೆಯಿಂದ ಕಾಪಾಡಲು ಸುಲಭವಾಗಲೆಂದು ಬಯಲಿನ ಹಾರ್ನ್ ಕುಗ್ಗಿ, ಮಡಚಿಕೊಂಡು ಕೊಡೆಯಷ್ಟಾಯಿತು. ಪ್ರಚಾರದ ಜೀಪಿಗೆ ಅದೇ ಸರಿ. ಅರ್ಥಗಾರಿಕೆಗೆ ಸಾಲದು.

ಏಕೆ ಸಾಲದು ಎನ್ನುವುದಕ್ಕೆ ಲೆಕ್ಕ ಸರಳ. ಹಾರ್ನಿನ ಬಾಯಿಯ ಸುತ್ತಳತೆ ಅದು ಹೊರಡಿಸಬೇಕಾದ ಅತಿ ತಗ್ಗಿನ ಸ್ವರದ ಅಲೆಯುದ್ದದಷ್ಟಾದರೂ ಇರಬೇಕು. 300 ಹರ್ಟ್ಸ್ ಸ್ವರದ ಅಲೆಯುದ್ದ ಸುಮಾರು 115 ಸೆಂಟಿಮೀಟರ್; ಅದಕ್ಕೆ 36 ಸೆಂಟಿಮೀಟರ್ ಅಗಲದ ಬಾಯಿ ಬೇಕು. 100 ಹರ್ಟ್ಸಿಗೆ ಇಳಿಯಬೇಕೆಂದರೆ ಬಾಯಿ ಒಂದು ಮೀಟರಿಗಿಂತ ಅಗಲ. ಬಾಯಿ ಅದಕ್ಕಿಂತ ಚಿಕ್ಕದಾದರೆ ಹೊರಟ ಅಲೆಯ ಒಂದು ಪಾಲು ಬಾಯಂಚಿನಿಂದ ಮತ್ತೆ ಗಂಟಲಿಗೆ ಮರಳುತ್ತದೆ. ಕೆಲವು ಸ್ವರ ಉಬ್ಬುತ್ತವೆ, ಕೆಲವು ಅಡಗುತ್ತವೆ. ಮೂಗಿನಲ್ಲಿ ಮಾತಾಡಿದ ಹಾಗೆ ಕೇಳುವುದು ಆ ಕಾರಣಕ್ಕೆ. ಇನ್ನು ಮಡಚಿದ ಹಾರ್ನಿನೊಳಗೆ ಶಬ್ದ ಹಿಂದೆ ಹೋಗಿ ಮತ್ತೆ ಮುಂದೆ ಬರಬೇಕು. 4000 ಹರ್ಟ್ಸ್ ಸ್ವರದ ಅಲೆ ಒಂಬತ್ತು ಸೆಂಟಿಮೀಟರಿಗೂ ಕಡಿಮೆ. ಒಳತಿರುವಿನಲ್ಲಿ ಹತ್ತಿರದ ದಾರಿ ಹಿಡಿದ ಅಲೆಯೂ ಹೊರತಿರುವಿನಲ್ಲಿ ದೂರದ ದಾರಿ ಹಿಡಿದ ಅಲೆಯೂ ಬೇರೆ ಬೇರೆ ಹೊತ್ತಿಗೆ ತಲುಪಿ ಒಂದನ್ನೊಂದು ಅಳಿಸುತ್ತವೆ.

ಮಾತಿನ ಜೀವ ಇರುವುದು ಹೀಗೆ ಅಳಿಸಿಹೋಗುವ ಎತ್ತರದ ದನಿಯಲ್ಲಿಯೇ. ಅ, ಆ, ಓ ಎಂಬ ಸ್ವರಗಳಿಗೆ ಬಲ ಹೆಚ್ಚು, ಅವು ಸಾವಿರ ಹರ್ಟ್ಸಿನ ಆಸುಪಾಸಿನಲ್ಲೇ ಬಹುಪಾಲು ಮುಗಿಯುತ್ತವೆ. ಕ, ತ, ಪ, ಹ ಎಂಬ ವ್ಯಂಜನಗಳು ಬಲಹೀನ. ಅವುಗಳ ಗುರುತು ಹೆಚ್ಚಾಗಿ ಎರಡರಿಂದ ನಾಲ್ಕು ಸಾವಿರದ ನಡುವೆ, ‘ಸ’ಕಾರದ್ದು ಇನ್ನೂ ಮೇಲೆ. ಗುಂಡಿ ತಿರುಗಿಸಿ ಜೋರು ಮಾಡಿದಾಗ ಸ್ವರಗಳು ಇನ್ನಷ್ಟು ಉಬ್ಬುತ್ತವೆ. ಆಂಪ್ಲಿಫೈಯರು ತನ್ನ ಮಿತಿ ಮುಟ್ಟಿ ಅಲೆಯ ತಲೆ ಕತ್ತರಿಸತೊಡಗುತ್ತದೆ. ಹಾಗೆ ಕತ್ತರಿಸಿದಾಗ ಹುಟ್ಟುವ ಕರ್ಕಶ ಸದ್ದುಗಳು ವ್ಯಂಜನಗಳ ಜಾಗಕ್ಕೇ ಬಂದು ಕೂರುತ್ತವೆ. ನಮ್ಮ ಕಿವಿಯೂ ಆ ಜಾಗದಲ್ಲೇ ಅತಿ ಸೂಕ್ಷ್ಮ. ಹೀಗಾಗಿ ಕಿವಿ ನೋಯುತ್ತದೆ, ಮಾತು ತಿಳಿಯುವುದಿಲ್ಲ. ಎರಡಕ್ಕೂ ಕಾರಣ ಒಂದೇ.

ಇನ್ನು ನನಗೆ ಅತ್ಯಂತ ಖುಷಿ ಕೊಡುವ ಭಾಗಕ್ಕೆ ಬರುತ್ತೇನೆ. ಹಾರ್ನಿನ ಗಂಟಲು ಯಾವ ಗೆರೆಯಲ್ಲಿ ಅಗಲಬೇಕು ಎನ್ನುವುದಕ್ಕೆ ಹಲವು ಸೂತ್ರಗಳಿವೆ. 1920ರ ದಶಕದಲ್ಲಿ ಪಾಲ್ ವೋಯ್ಟ್ ಎಂಬ ಇಂಗ್ಲಿಷ್ ಎಂಜಿನಿಯರ್ ಆರಿಸಿಕೊಂಡ ಗೆರೆಗೆ ಟ್ರ್ಯಾಕ್ಟ್ರಿಕ್ಸ್ ಎಂದು ಹೆಸರು. ಅದನ್ನು ಬರೆಯಲು ಗಣಿತ ಬೇಕಿಲ್ಲ, ಒಂದು ದಾರ ಸಾಕು. ನೆಲದ ಮೇಲೆ ದೊಡ್ಡ ಕಾಗದ ಹಾಸಿ, ಒಂದು ಅಂಚಿಗೆ ಉದ್ದನೆಯ ಮರದ ಪಟ್ಟಿ ಇಟ್ಟುಕೊಳ್ಳುತ್ತೇನೆ. ಭಾರದ ಕಬ್ಬಿಣದ ನಟ್ಟಿನ ತೂತಿಗೆ ಪೆನ್ಸಿಲ್ ತುಂಡು ಬಿಗಿದು, ಅದಕ್ಕೆ ಸರಿಯಾಗಿ 18 ಸೆಂಟಿಮೀಟರ್ ದಾರ ಕಟ್ಟುತ್ತೇನೆ. ನಟ್ಟನ್ನು ಪಟ್ಟಿಯಿಂದ ನೇರ 18 ಸೆಂಟಿಮೀಟರ್ ದೂರದಲ್ಲಿಟ್ಟು, ದಾರದ ಇನ್ನೊಂದು ತುದಿಯನ್ನು ಪಟ್ಟಿಯ ಗುಂಟ ಮೆಲ್ಲಗೆ, ಬಲು ಮೆಲ್ಲಗೆ ಎಳೆಯಬೇಕು. ನಟ್ಟು ಮೊದಲು ನೇರ ಪಟ್ಟಿಯ ಕಡೆಗೇ ಹೊರಡುತ್ತದೆ, ಆಮೇಲೆ ಸ್ವಲ್ಪ ಸ್ವಲ್ಪವೇ ಓರೆಯಾಗಿ, ಕೊನೆಗೆ ಪಟ್ಟಿಗೆ ಹತ್ತಿಯೂ ಹತ್ತದ ಹಾಗೆ ಉದ್ದಕ್ಕೆ ಸಾಗುತ್ತದೆ. ಅದರ ಹಿಂದೆ ಕಾಗದದ ಮೇಲೆ ಮೂಡಿದ ಗೆರೆಯೇ ಹಾರ್ನಿನ ಗೋಡೆ. ಪಟ್ಟಿ ಹಾರ್ನಿನ ನಡುಗೆರೆ, ದಾರದ ಉದ್ದ ಬಾಯಿಯ ತ್ರಿಜ್ಯ. 18 ಸೆಂಟಿಮೀಟರ್ ದಾರ 300 ಹರ್ಟ್ಸಿನ ಹಾರ್ನನ್ನು ಕೊಡುತ್ತದೆ. ಒಂದಿಂಚಿನ ಗಂಟಲಿನಿಂದ ಬಾಯಿಯ ತನಕ ಅದರ ಉದ್ದ 42 ಸೆಂಟಿಮೀಟರ್. ದಾರ, ನಟ್ಟು, ತಾಳ್ಮೆ ಇಷ್ಟರಿಂದಲೇ ಇಂಥ ಚೆಲುವಾದ ಗೆರೆ ಹುಟ್ಟುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ.

ಗೆರೆ ಸಿಕ್ಕಮೇಲೆ ಮರದ ಕೆಲಸ. 12 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಬಳೆಗಳನ್ನು ಕೊಯ್ಯುತ್ತೇನೆ. 42 ಸೆಂಟಿಮೀಟರಿಗೆ 35 ಬಳೆ, ಒಂದೊಂದರ ತೂತೂ ಕಾಗದದ ಗೆರೆಯನ್ನು ಅಳೆದು ಕೊಂಚ ಕೊಂಚವೇ ದೊಡ್ಡದು. ಗಂಟಲ ಕಡೆಯ ಬಳೆಗಳಲ್ಲಿ ವ್ಯತ್ಯಾಸ ಕೂದಲೆಳೆಯಷ್ಟು, ಬಾಯಿಗೆ ಬಂದಂತೆ ಬೆರಳಗಲ. ಒಂದರ ಮೇಲೊಂದು ಫೆವಿಕಾಲ್ ಹಚ್ಚಿ ಪೇರಿಸಿ, ಒಳಗಿನ ಮೆಟ್ಟಿಲುಗಳು ಹೋಗುವ ತನಕ ಪಾಲಿಶ್ ಪೇಪರಿನಿಂದ ಉಜ್ಜುವುದು. ಮೊದಲು ಒರಟು ಪೇಪರು, ಆಮೇಲೆ ನಯ. ಕಣ್ಣು ಮುಚ್ಚಿ ಬೆರಳನ್ನು ಬಾಯಿಂದ ಗಂಟಲಿನವರೆಗೆ ಜಾರಿಸಿದರೆ ಎಲ್ಲೂ ತಡೆಯಬಾರದು. ಬೆರಳು ತಡೆದಲ್ಲಿ ದನಿಯೂ ತಡೆಯುತ್ತದೆ. ನಮ್ಮ ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬುವುದರಿಂದ ಈ ಕೆಲಸವನ್ನೆಲ್ಲ ಅಡಕೆ ಒಣಗಿಸುವ ಬಿಸಿಲಿನಲ್ಲೇ ಮುಗಿಸಿ ವಾರ್ನಿಶ್ ಬಳಿದಿಡಬೇಕು.

ಯೂನಿಟ್ಟು ಕೂರಿಸುವ ಗಂಟಲ ತುಂಡನ್ನು ಮಾತ್ರ ನಾನು ಹಲಸಿನ ಮರದಲ್ಲೇ ಮಾಡಿಸುವುದು. ಸಿದ್ದಾಪುರದ ಕಡೆ ಮದ್ದಲೆ ಕೊರೆಯುವ ಆಚಾರಿಯೊಬ್ಬರು ಅದನ್ನು ಕಡೆದುಕೊಡುತ್ತಾರೆ. ಮದ್ದಲೆಯ ಗೂಡಿಗೂ ಅದೇ ಮರ. ಒಮ್ಮೆ ಕೊರೆದ ತುಂಡನ್ನು ಬೆರಳ ಗಿಣ್ಣಿನಿಂದ ತಟ್ಟಿ ಕಿವಿಗಿಟ್ಟುಕೊಂಡು, “ಹೆಗಡೇರೇ, ಮದ್ದಲೆ ಮರಕ್ಕೆ ದನಿ ಇರ್ಬೇಕು, ನಿಮ್ಮ ಮರ ಸುಮ್ನಿರ್ಬೇಕು, ಅಷ್ಟೇ ಅಲ್ವಾ?” ಎಂದರು. ಅಷ್ಟೇ. ವಾದ್ಯ ತನ್ನದೇ ದನಿ ಸೇರಿಸಬೇಕು, ಹಾರ್ನ್ ಏನನ್ನೂ ಸೇರಿಸಬಾರದು. ತೆಳು ತಗಡಿನ ಹಾರ್ನನ್ನು ತಟ್ಟಿದರೆ ಠಣ್ ಎನ್ನುತ್ತದೆ. ಮಾತಾಡುವಾಗಲೂ ಆ ಠಣ್ ಮಾತಿನ ಬೆನ್ನಿಗೇ ಇರುತ್ತದೆ. ದಪ್ಪ ಮರದ ಹಾರ್ನ್ ತಟ್ಟಿದರೆ ಡಬ್ ಎಂದು ಅಲ್ಲಿಗೇ ಮುಗಿಯುತ್ತದೆ.

ಹಾರ್ನ್ ಸಿದ್ಧವಾದ ಮೇಲೆ ಅದರ ಪರೀಕ್ಷೆ ನಮ್ಮ ಮನೆಯವರಿಗೆಲ್ಲ ಒಂದು ಹಬ್ಬ. ಬೆಲ್ ಲ್ಯಾಬೊರೇಟರಿಯಲ್ಲಿ ಹಾರ್ವೆ ಫ್ಲೆಚರ್ ಮತ್ತು ಸಂಗಡಿಗರು ದೂರವಾಣಿಯ ಗುಣ ಅಳೆಯಲು ಅರ್ಥವಿಲ್ಲದ ಅಕ್ಷರಗಳನ್ನು ಓದಿಸಿ, ಕೇಳಿದವರಿಂದ ಬರೆಸುತ್ತಿದ್ದರು. ಅರ್ಥವಿದ್ದರೆ ಮನಸ್ಸು ಊಹಿಸಿ ತುಂಬಿಕೊಳ್ಳುತ್ತದೆ, ಪರೀಕ್ಷೆ ಕೆಡುತ್ತದೆ. ಅದಕ್ಕೆ ಕನ್ನಡದಲ್ಲಿ ಸೊಗಸಾದ ಉಪಾಯವಿದೆ. ಬಾಳೆ, ಹಾಳೆ, ನಾಳೆ, ತಾಳೆ. ಕಾಡು, ಹಾಡು, ನಾಡು, ಜಾಡು. ಎಲ್ಲವೂ ನಿಜವಾದ ಪದಗಳೇ, ವ್ಯತ್ಯಾಸ ಮೊದಲ ವ್ಯಂಜನದ್ದು ಮಾತ್ರ. ಒಬ್ಬರು ಜಗಲಿಯಲ್ಲಿ ಕೂತು ಪಟ್ಟಿಯನ್ನು ಹಿಂದುಮುಂದು ಮಾಡಿ ಓದುತ್ತಾರೆ. ಉಳಿದವರು ಅಂಗಳದ ತುದಿಯಲ್ಲೋ ತೋಟದ ಇಳುಕಲಿನಲ್ಲೋ ಕೂತು ಬರೆದುಕೊಳ್ಳುತ್ತಾರೆ. ಸಣ್ಣ ಬಾಯಿಯ ಹಾರ್ನಿನಲ್ಲಿ ‘ಹಾಳೆ’ ಎಂದದ್ದು ಹಲವರ ಕಾಗದದಲ್ಲಿ ‘ತಾಳೆ’ಯಾಗಿರುತ್ತದೆ. ಗುಂಡಿ ತಿರುಗಿಸಿ ಜೋರು ಮಾಡಿದರೂ ‘ತಾಳೆ’ಯೇ, ಜೋರಾದ ‘ತಾಳೆ’. ಮರದ ಹಾರ್ನಿನಲ್ಲಿ ದನಿ ತಗ್ಗಿಸಿದಾಗಲೂ ‘ಹ’ದ ಉಸಿರು ತೋಟದವರೆಗೆ ಹೋಗಿ ಮುಟ್ಟುತ್ತದೆ. ಯಂತ್ರವಿಲ್ಲದೆ, ಪದವಿಯಿಲ್ಲದೆ, ಶಾಲೆಯ ಮಕ್ಕಳೂ ಮಾಡಬಹುದಾದ ಈ ಪರೀಕ್ಷೆ ಯಾವ ಮೀಟರಿಗಿಂತಲೂ ನನಗೆ ಹೆಚ್ಚು ನಂಬಿಕೆಯದು.

ಹಾಗಾದರೆ ಎಷ್ಟು ವ್ಯಾಟ್ ಬೇಕು? ಒಳ್ಳೆಯ ಹಾರ್ನ್ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 105 ಡೆಸಿಬಲ್ ಕೊಡುತ್ತದೆ. ಬಯಲಲ್ಲಿ ದೂರ ಎರಡು ಪಟ್ಟಾದಾಗೆಲ್ಲ 6 ಡೆಸಿಬಲ್ ಇಳಿಯುತ್ತದೆ. 16 ಮೀಟರಿಗೆ ಹೋದಾಗ ಇಳಿದದ್ದು 24; ಉಳಿದದ್ದು 81. ನಾವು ಎದುರುಬದುರು ಕೂತು ಮಾತಾಡುವುದು 60ರ ಸುಮಾರಿನಲ್ಲಿ. ಅಂದರೆ ಒಂದೇ ಒಂದು ವ್ಯಾಟಿನಿಂದ ನಮ್ಮ ಅಂಗಳದ ತುದಿಗೆ ಬೇಕಾದಷ್ಟಕ್ಕಿಂತ ಹೆಚ್ಚೇ ಮುಟ್ಟುತ್ತದೆ. ಇದೇ ಶಬ್ದವನ್ನು 88 ಡೆಸಿಬಲ್ಲಿನ ಕೋನ್ ಸ್ಪೀಕರಿನಿಂದ ತೆಗೆಯಲು 50 ವ್ಯಾಟ್ ಬೇಕು. ನಾನು ಹಾರ್ನಿಗೆ ಜೋಡಿಸುವುದು ಟಿಡಿಎ 2030 ಎಂಬ ಅಗ್ಗದ ಐಸಿ ಹಾಕಿದ ಪುಟ್ಟ ಆಂಪ್ಲಿಫೈಯರು. ಅದರ ಶಕ್ತಿ ಹದಿನಾಲ್ಕು ವ್ಯಾಟಿನ ಆಸುಪಾಸು. ಒಂದು ವ್ಯಾಟಿನಲ್ಲಿ ಓಡಿಸಿ, ಉಳಿದದ್ದನ್ನು ಮದ್ದಲೆಯ ಪೆಟ್ಟು, ಅರ್ಥಧಾರಿಯ ಆವೇಶ ಬಂದಾಗ ಬೇಕಾಗುವ ಮುಡಿಪಾಗಿ ಇಟ್ಟುಕೊಂಡರೆ ಅಲೆಯ ತಲೆ ಎಂದೂ ಕತ್ತರಿಸುವುದಿಲ್ಲ. ಕಿವಿಯ ಲೆಕ್ಕವೂ ಇದಕ್ಕೆ ಒತ್ತಾಸೆ: ಶಬ್ದ ಎರಡು ಪಟ್ಟು ಜೋರು ಎನ್ನಿಸಬೇಕಾದರೆ ವ್ಯಾಟನ್ನು ಹತ್ತು ಪಟ್ಟು ಮಾಡಬೇಕು. ಅದೇ ಹಾರ್ನನ್ನು ಕೇಳುವವರ ಹತ್ತಿರಕ್ಕೆ, ಅರ್ಧ ದೂರಕ್ಕೆ ತಂದರೆ ವ್ಯಾಟು ನಾಲ್ಕು ಪಟ್ಟು ಮಾಡಿದಷ್ಟೇ ಲಾಭ, ಅದೂ ಪುಕ್ಕಟೆ. ಮಳೆಯ ಸದ್ದನ್ನು ಗೆಲ್ಲುವ ದಾರಿ ಗುಂಡಿಯಲ್ಲಿಲ್ಲ. ದೂರದ ಒಂದು ದೊಡ್ಡ ಕೂಗಿನ ಬದಲು ಹತ್ತಿರದ ಎರಡು ಸಣ್ಣ ಹಾರ್ನುಗಳಲ್ಲಿದೆ.

ಆಟದ ರಂಗಸ್ಥಳಕ್ಕೆ ಬಂದರೆ ಪರೀಕ್ಷೆ ಇನ್ನೂ ಕಠಿಣ. ಚಂಡೆಗೆ ಮೈಕೇ ಬೇಕಿಲ್ಲ. ಮೈಕಿಲ್ಲದ ಕಾಲದಲ್ಲಿ ಆಟದ ಸುದ್ದಿಯನ್ನು ಗುಡ್ಡದಾಚೆಗೆ ಮುಟ್ಟಿಸುತ್ತಿದ್ದದ್ದೇ ಅದು. ಭಾಗವತರ ಮೈಕಿನೊಳಗೇ ಅದು ನುಗ್ಗಿಬರುತ್ತದೆ. ಮದ್ದಲೆಯ ಎಡದ ತಗ್ಗಿನ ನಾದಕ್ಕೆ 300 ಹರ್ಟ್ಸಿನ ಹಾರ್ನ್ ಎಟಕುವುದಿಲ್ಲ. ಅದಕ್ಕೆಂದೇ ಕೋನ್ ಸ್ಪೀಕರಿನ ಪೆಟ್ಟಿಗೆಯೊಂದನ್ನು ಪಕ್ಕಕ್ಕಿಟ್ಟು, ತಗ್ಗಿನ ಸ್ವರ ಹಾರ್ನಿಗೆ ಹೋಗದಂತೆ ಕೆಪಾಸಿಟರ್ ಹಾಕುತ್ತೇನೆ. ಆಮೇಲೆ ಉಳಿಯುವುದು ಹಾಡಿನ ದನಿ. ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರು ಇಡಗುಂಜಿ ಮೇಳದಲ್ಲಿ ದಶಕಗಳ ಕಾಲ ಹಾಡಿ 2019ರಲ್ಲಿ ತೀರಿಕೊಂಡರು. ಅವರ ದನಿಯ ಸೊಗಸು ಇದ್ದದ್ದು ಮಾಧುರ್ಯದಲ್ಲಿ, ಅಬ್ಬರದಲ್ಲಲ್ಲ. ಹೊಸ ಹಾರ್ನ್ ಮುಗಿದಾಗ ನಾನು ಮೊದಲು ಹಾಕುವುದು ಅವರ ಹಾಡಿನ ಧ್ವನಿಮುದ್ರಣ. ಸ್ವರ ಮೆಲ್ಲಗಾಗಿ ಇಳಿಯುವ ಕಡೆ ಸಾಹಿತ್ಯದ ಅಕ್ಷರ ಉಳಿಯಿತೇ ಎಂದು ನೋಡುತ್ತೇನೆ. ಉಳಿದರೆ ಹಾರ್ನ್ ಪಾಸು.

ಶಿರಸಿಯ ಕಡೆಯವರೇ ಆದ ಹೊಸ್ತೋಟ ಮಂಜುನಾಥ ಭಾಗವತರು ಊರೂರು ತಿರುಗಿ ಯಕ್ಷಗಾನ ಕಲಿಸಿದವರು, ಅಂಧ ಕಲಾವಿದರನ್ನೂ ರಂಗಕ್ಕೆ ತಯಾರು ಮಾಡಿದವರು. ಅವರು 2020ರಲ್ಲಿ ತೀರಿಕೊಂಡರು. ಕಣ್ಣು ಕಾಣದವರಿಗೆ ದಿಕ್ಕು ತೋರಿಸುವುದು ದನಿ. ಭಾಗವತರು ರಂಗಸ್ಥಳದ ಹಿಂದೆ ಇದ್ದು, ಅವರ ದನಿ ಮಾತ್ರ ಬಲಗಡೆಯ ತೆಂಗಿನ ಮರದಿಂದ ಬಂದರೆ? ಹೊಸ್ತೋಟದವರ ಕೆಲಸ ನೆನೆದಾಗಲೆಲ್ಲ ಹಾರ್ನನ್ನು ಎತ್ತರದ ಮರಕ್ಕೆ ಕಟ್ಟುವ ಯೋಚನೆ ಬಿಟ್ಟು, ಹಾಡುವವರ ತಲೆಯ ಮೇಲೆಯೇ, ಅದೇ ದಿಕ್ಕಿಗೆ ಮುಖ ಮಾಡಿ ಕೂರಿಸಬೇಕೆನ್ನುವುದು ಗಟ್ಟಿಯಾಗುತ್ತದೆ. ದನಿ ಎಷ್ಟು ಬಂತು ಎನ್ನುವಷ್ಟೇ ಮುಖ್ಯ, ಎಲ್ಲಿಂದ ಬಂತು ಎನ್ನುವುದೂ.

ಯಲ್ಲಾಪುರದ ಕಾಡಿನಂಚಿನ ಸಿದ್ದಿಗಳ ಡಮಾಮಿ ಕೇಳಿದ ಮೇಲೆ ನನ್ನ ಹವ್ಯಾಸಕ್ಕೂ ಒಂದು ಎಲ್ಲೆ ಇದೆ ಎಂದು ತಿಳಿಯಿತು. ಆ ದೊಡ್ಡ ಚರ್ಮವಾದ್ಯದ ನಾದ ಎದೆಗೆ ತಾಗುತ್ತದೆ. 60 ಹರ್ಟ್ಸಿನಷ್ಟು ತಗ್ಗಿಗೆ ಇಳಿಯುವ ಹಾರ್ನಿಗೆ 180 ಸೆಂಟಿಮೀಟರ್ ಅಗಲದ ಬಾಯಿ ಬೇಕು. ಕ್ಲಿಪ್ಶ್ ಇದಕ್ಕೊಂದು ಚಂದದ ದಾರಿ ಕಂಡುಕೊಂಡ: ಹಾರ್ನನ್ನು ಕೋಣೆಯ ಮೂಲೆಗೆ ಒತ್ತಿಟ್ಟ. ಎರಡು ಗೋಡೆ ಮತ್ತು ನೆಲ ಸೇರಿ ಹಾರ್ನಿನ ಮುಂದುವರಿಕೆಯಾದವು, ಬಾಯಿಯ ವಿಸ್ತಾರ ಎಂಟನೇ ಒಂದು ಪಾಲಿಗೆ ಇಳಿಯಿತು. ನಮ್ಮ ಹಳೆಯ ಮನೆಗಳ ಜಗಲಿಯ ಮೂಲೆಗಳನ್ನು ನಾನು ಈಗ ಅದೇ ಕಣ್ಣಿನಿಂದ ನೋಡುತ್ತೇನೆ. ಮಣ್ಣಿನ ದಪ್ಪ ಗೋಡೆ, ಗಟ್ಟಿ ನೆಲ. ಅರ್ಧ ಹಾರ್ನ್ ಆಗಲೇ ಕಟ್ಟಿಟ್ಟಿದೆ. ಆದರೆ ಡಮಾಮಿಗೆ ಇದಾವುದೂ ಬೇಡ. ಅದರ ಎದುರು ಹೋಗಿ ಕೂತರೆ ಸಾಕು. ಸ್ಪೀಕರು ಬೇಡದ ಕಡೆ ಸ್ಪೀಕರು ಇಡದಿರುವುದೂ ಒಳ್ಳೆಯ ವಿನ್ಯಾಸವೇ.

ಮೆಲ್ಲಗೆ ನುಡಿಸುವುದರಲ್ಲಿ ನೆರೆಯವರ ಪಾಲೂ ಇದೆ. ಆಟಗಳು ನಡೆಯುವ ಚಳಿಗಾಲದ ರಾತ್ರಿ ನಮ್ಮ ಕಣಿವೆಗಳಲ್ಲಿ ತಂಪುಗಾಳಿ ತಳದಲ್ಲಿ ನಿಂತು, ಮೇಲೆ ಬೆಚ್ಚನೆಯ ಪದರ ಇರುತ್ತದೆ. ಮೇಲಕ್ಕೆ ಹೊರಟ ಶಬ್ದ ಮತ್ತೆ ಕೆಳಕ್ಕೆ ಬಾಗಿ ಹಗಲಿಗಿಂತ ಎಷ್ಟೋ ದೂರ ಹೋಗುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿದೆ, ವಸತಿ ಪ್ರದೇಶದ ರಾತ್ರಿಗೆ 45 ಡೆಸಿಬಲ್ ಮಿತಿ ಇಟ್ಟಿದೆ. ಇದನ್ನು ಕಲೆಯ ಮೇಲಿನ ಸಿಟ್ಟೆಂದು ಕೆಲವರು ತಿಳಿಯುತ್ತಾರೆ. ನನಗೆ ಅದು ಹಾಗೆ ಕಾಣುವುದಿಲ್ಲ. ಆಚೆ ದಿಬ್ಬದ ಮನೆಯಲ್ಲಿ ಬಾಣಂತಿ ಇರಬಹುದು, ಬೆಳಗಾದರೆ ಪರೀಕ್ಷೆ ಬರೆಯುವ ಮಗು ಇರಬಹುದು. ಹಾರ್ನಿಗೆ ದಿಕ್ಕು ಇದೆ; ಅದನ್ನು ಜನ ಕೂತ ಕಡೆಗೆ ತಗ್ಗಿಸಿ ಹಿಡಿದರೆ ಮಾತು ಅವರಲ್ಲಿಗೇ ಹೋಗಿ ಬಹುಪಾಲು ಅಲ್ಲೇ ನಿಲ್ಲುತ್ತದೆ.

ಹಾರ್ನ್ ಮಾಡಲು ಮನಸ್ಸಿರುವ ಎಳೆಯರು ಬಂದರೆ ಅವರ ಕೈಗೆ ನಾನು ಮೊದಲು ಕೊಡುವುದು ದಾರ ಮತ್ತು ನಟ್ಟು. ಹಾರ್ನ್ ಮಾಡಲು ಪುರಸೊತ್ತಿಲ್ಲ, ಆದರೆ ಊರಿನ ಕೂಟಕ್ಕೆ ಮೈಕ್ ಕಟ್ಟುವ ಹೊಣೆ ಇದೆ ಎನ್ನುವವರಿಗೆ ನನ್ನದು ಇಷ್ಟೇ ಮಾತು. ಆಂಪ್ಲಿಫೈಯರಿನ ಗುಂಡಿಯನ್ನು ತಗ್ಗಿಸುತ್ತ ಹೋಗಿ, ಕಡೆಯ ಸಾಲಿನವರು ಕೇಳುವುದಿಲ್ಲ ಎನ್ನುವ ಹಂತಕ್ಕೆ ನಿಲ್ಲಿಸಿ. ಆಮೇಲೆ ಗುಂಡಿಯನ್ನು ಮುಟ್ಟದೆ ಹಾರ್ನನ್ನು ಅವರ ಹತ್ತಿರಕ್ಕೆ ತನ್ನಿ. ಬೇಕಾದರೆ ಇನ್ನೊಂದನ್ನು ಸೇರಿಸಿ. ಕೃಷ್ಣ ಸಂಧಾನಕ್ಕೆ ಬಂದು ಕೌರವನ ಸಭೆಯಲ್ಲಿ ಆಡಿದ ಮಾತು ಕೂಗಾಟವಾಗಿರಲಿಲ್ಲ; ಅದನ್ನು ಈಗಿನವರ ಕಿವಿಗೆ ಮುಟ್ಟಿಸುವಾಗ ನಾವೇಕೆ ಕೂಗಬೇಕು?